ಕುರಿಗಳ ನಡುವಿನ ಫೋಟೋ

ರೀ,

ಮಲಗಿದ್ದಿರಿ, ಎಬ್ಬಿಸಲಿಲ್ಲ. ಇನ್ನು ರಜೆ ಸಿಗುವುದಿಲ್ಲವಂತೆ, ಇವತ್ತಿನಿಂದ ಆಫೀಸಿಗೆ ಹೋಗುತ್ತಿದ್ದೇನೆ. ಅನ್ನ ಕುಕ್ಕರಿನಲ್ಲಿದೆ, ಹುಳಿ ಬಿಸಿ ಮಾಡಿಕೊಳ್ಳಿ. ನಾಲ್ಕು ಗಂಟೆಗೆ ನೀರು ಬರುತ್ತದೆ, ಡ್ರಮ್ ತುಂಬಿಸಿ. ನಿನ್ನೆಯ ಹಾಗೆ ನಲ್ಲಿ ಬಿಟ್ಟು ಗೋಡೆ ನೋಡುತ್ತಾ ಕೂರಬೇಡಿ, ಕೆಳಗಿನ ಮನೆಯವರ ಕೂಗಾಟ ಕೇಳಿದ್ದು ನಾನು.

ಐರ್ಲೆಂಡಿನ ಫೋಟೋಗಳನ್ನು ಅಂಧೇರಿಯ ಸ್ಟುಡಿಯೋದಿಂದ ತಂದು ನನ್ನ ಸೀರೆಗಳ ಕೆಳಗೆ ಬಚ್ಚಿಟ್ಟಿದ್ದೆ. ಬೆಳಿಗ್ಗೆ ಅವು ನಿಮ್ಮ ಅಮ್ಮನ ಕೈಗೆ ಸಿಕ್ಕಿವೆ. ಮಂಜಿನಲ್ಲಿ ರಸ್ತೆ ತುಂಬ ಕುರಿ ಬಂದು ನಮ್ಮ ಬಾಡಿಗೆ ಕಾರು ನಿಂತಿತ್ತಲ್ಲ, ನೀವು ಇಳಿದು ಅವುಗಳ ನಡುವೆ ನಗುತ್ತಾ ನಿಂತಿದ್ದಿರಲ್ಲ, ಆ ಫೋಟೋ ನೋಡುತ್ತಿದ್ದರು.

"ಇದು ಯಾವತ್ತು ತೆಗೆದಿದ್ದೇ?" ಅಂದರು.

ಸುಳ್ಳು ಬಾಯಿಗೆ ಬರಲಿಲ್ಲ. ಮಾವನವರು ಹೋದ ದಿನ ಅಂದೆ. ಊರೂರು ಸುತ್ತುತ್ತಿದ್ದೆವು, ಸುದ್ದಿ ಮುಟ್ಟಲಿಲ್ಲ, ಹಿರಿಮಗ ಇದ್ದೂ ಕಿರಿಮಗ ಚಿತೆಗೆ ಬೆಂಕಿ ಇಡಬೇಕಾಯಿತು ಅಂತ ಅದೇ ಮಾತು ಮತ್ತೆ ಹೇಳಿದೆ.

ಅಳುತ್ತಾರೆ ಅಂದುಕೊಂಡೆ. ಅಮ್ಮ ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಿ, "ಅಷ್ಟು ಚಳೀಲಿ ಇವನು ಸ್ವೆಟರ್ರೇ ಹಾಕ್ಕೊಂಡಿಲ್ಲವಲ್ಲೇ ಶಾಮಲಾ" ಅಂದರು. ನನಗೂ ಅಳು ಬರಲಿಲ್ಲ. ಎದ್ದು ಒಲೆ ಹಚ್ಚಿದೆ.

ಫೋಟೋ ಅವರ ದಿಂಬಿನ ಕೆಳಗಿದೆ, ಹರಿದು ಹಾಕಬೇಡಿ. ಐರ್ಲೆಂಡಿನಿಂದ ಬಂದಾಗಿನಿಂದ ನೀವು ಅವರ ಜೊತೆ ಒಂದು ಮಾತೂ ಆಡಿಲ್ಲ. ಅವತ್ತು ನಿಮಗೆ ಚಳಿಯಾಗುತ್ತಿತ್ತೋ ಇಲ್ಲವೋ, ಅಷ್ಟಾದರೂ ಅವರಿಗೆ ಹೇಳಿ.

ಶಾಮಲಾ