ಕೌದಿಗೆ ಕೊಟ್ಟ ಬಟ್ಟೆ

ಸೋಮವಾರ

ಚಂಪಕ ಮೇಡಂ ಅವರಿಗೆ ನಮಸ್ಕಾರ.

ಬರುವ ಭಾನುವಾರ ನಿಮ್ಮ ಅಂಗಡಿಯ ಕೈಕೆಲಸದ ಸಂತೆಯಲ್ಲಿ ಕೌದಿ ಹೊಲಿಗೆಯ ಬಗ್ಗೆ ಮಾತಾಡಲು ನನಗಾಗುವುದಿಲ್ಲ. ನನ್ನ ಫೋಟೊ ಇರುವ ಪೋಸ್ಟರನ್ನು ನಂಜನಗೂಡು ಬಸ್‌ಸ್ಟ್ಯಾಂಡಿನಿಂದಲೂ ತೆಗೆಸಿಬಿಡಿ.

ನಿನ್ನೆ ಸಂತೆಯಲ್ಲಿ ಒಬ್ಬರು ನಿಮ್ಮ ಕೈಗೆ ಹಳೆ ಬಟ್ಟೆಯ ಗಂಟು ಕೊಟ್ಟು, "ಅವ್ವ ಮಗ್ಳು ಇಬ್ರೂ ಒದ್ಕಳಂಗೆ ಒಂದ್ ಕೌದಿ ಒಲ್ಸ್‌ಕೊಡಿ" ಅಂದರಂತಲ್ಲ, ನೀವು ಕಳಿಸಿದ ಆ ಗಂಟನ್ನು ಈಗ ಬಿಚ್ಚಿದೆ. ಮೇಲೆ ನನ್ನ ಧಾರೆ ಸೀರೆ ಇತ್ತು. ಮೂಗೂರಿನ ಗಂಡನ ಮನೆಯಿಂದ ಮಗಳನ್ನು ಕರೆದುಕೊಂಡು ಹೊರಟಾಗ ಅಲ್ಲೇ ಬಿಟ್ಟಿದ್ದೆ.

ಅವರು ಮತ್ತೆ ಬಂದರೆ ಕೌದಿ ತಯಾರಾಗುತ್ತಿದೆ ಅನ್ನಿ. ನಮ್ಮ ಮನೆ ಗೊತ್ತಿಲ್ಲವೆಂದು ಸುಳ್ಳು ಹೇಳುವ ಅಗತ್ಯವಿಲ್ಲ. ಸೀರೆಯ ಕೆಳಗೆ ಮಗಳ ಸ್ಕೂಲಿನ ಲಂಗ ಇತ್ತು. ಮೊನ್ನೆ ಇಲ್ಲಿ, ನಮ್ಮ ಹಿತ್ತಲ ತಂತಿಯ ಮೇಲೆ ಒಣಹಾಕಿದ್ದು.

ಇತಿ,
ನಿಮ್ಮ ಕೌದಿಯವಳು