ಅಣ್ಣ ಕಲಿಸಿದ್ದು ಎಂದೆ

ಅರಸೀಕೆರೆ
ಭಾನುವಾರ, 2003

ಮಾಲಿನಿ,

ನಿನ್ನ ವಿಳಾಸವನ್ನು ನಿಮ್ಮಮ್ಮನ ಹತ್ತಿರ ಕೇಳಲು ನನಗೆ ಮುಖವಿಲ್ಲ. ಆದರೂ ಬರೆಯುತ್ತಿದ್ದೇನೆ.

ನಮ್ಮ ಯಜಮಾನರು ಆಫೀಸಿನ ಕ್ರಿಕೆಟ್ ಟೀಮಿಗೆಂದು ಯಾರೋ ಆಡಿ ಬಿಟ್ಟ ಹಳೇ ಬ್ಯಾಟು ತಂದಿದ್ದರು. ಅಂಚು ಸೀಳಿತ್ತು, ಮೈಯೆಲ್ಲ ಕಪ್ಪಾಗಿತ್ತು. ನಿನ್ನೆ ಸೀಳಿಗೆ ಗೋಂದು ತುಂಬಿ ದಾರ ಬಿಗಿದಿಟ್ಟಿದ್ದೆ. ಈವತ್ತು ಬೆಳಿಗ್ಗೆ ಉಪ್ಪುಕಾಗದದಲ್ಲಿ ಉಜ್ಜಿ, ಅಗಸೆ ಎಣ್ಣೆ ಸವರುತ್ತಾ ಕೂತೆ. "ಹಿಡಿಗೆ ಎಣ್ಣೆ ಸೋಕಿಸ್ಬೇಡ ಕಣೇ, ಸಡ್ಲ ಆಗುತ್ತೆ" ಎಂದು ಮಾದಿಹಳ್ಳಿಯ ನಿಮ್ಮ ಜಗಲಿಯಲ್ಲಿ ನೀನು ಹೇಳಿಕೊಟ್ಟದ್ದನ್ನು ಕೈ ಮರೆತಿರಲಿಲ್ಲ.

ಇವರು ಕಾಫಿ ಲೋಟ ಹಿಡಿದು ನೋಡುತ್ತಾ ನಿಂತರು. "ಇದೆಲ್ಲ ಯಾರೇ ಕಲಿಸಿದ್ದು ನಿಂಗೆ?"

"ನಮ್ಮಣ್ಣ" ಎಂದೆ.

ನಮ್ಮಣ್ಣ ಬ್ಯಾಟು ಮುಟ್ಟಿದವನೇ ಅಲ್ಲ, ನಿನಗೆ ಗೊತ್ತು. ನಿನ್ನ ಹೆಸರು ಹೇಳಿದ್ದರೆ, ನೀನು ಆಟ ಬಿಟ್ಟದ್ದು ಯಾಕೆಂಬ ಮಾತೂ ಬರುತ್ತಿತ್ತು.

ಹಳೇಬೀಡಿನ ಹುಡುಗರ ಜೊತೆ ನೀನು ಆಡಲು ಹೋದದ್ದನ್ನು ನಿಮ್ಮಪ್ಪನಿಗೆ ಹೇಳಿದವಳು ನಾನು. ನನ್ನನ್ನು ಬಿಟ್ಟು ಹೋದೆಯೆಂಬ ಸಿಟ್ಟಿಗೆ ಹೇಳಿದೆ. ಅವರು ನಿನ್ನ ಬ್ಯಾಟನ್ನು ಸೀಳಿ ಬಚ್ಚಲೊಲೆಗೆ ಹಾಕುವಾಗ ನಿಮ್ಮ ಹಿತ್ತಲಲ್ಲೇ ನಿಂತಿದ್ದೆ. ನೀನು ಅಳುತ್ತಾ, "ಯಾರು ಹೇಳಿದ್ದೇ, ಮಂಜು?" ಎಂದು ನನ್ನನ್ನೇ ಕೇಳಿದೆ.

"ನಂಗೊತ್ತಿಲ್ಲ ಕಣೇ" ಎಂದೆ. ನೀನು ನಂಬಿದೆ.

ಈವತ್ತು ಸಂಜೆ ಟೀಮಿನವರು ಮನೆಗೆ ಬಂದಿದ್ದರು. ಬ್ಯಾಟು ಕೈಯಿಂದ ಕೈಗೆ ಹೋಯಿತು. ಇವರು ಹೆಮ್ಮೆಯಿಂದ, "ಇವಳ ಅಣ್ಣ ಭಾರಿ ಪ್ಲೇಯರ್ರು ಕಣ್ರೀ, ತಂಗೀಗೂ ಕಲಿಸಿದ್ದಾರೆ" ಎಂದರು. ಎಲ್ಲರೂ ನನ್ನತ್ತ ತಿರುಗಿದರು.

ನಾನು ಹೌದೆಂದು ತಲೆಯಾಡಿಸಿದೆ.

ಮಂಜುಳಾ