ಪ್ಯೂಮಾದ ಎದುರು ನಿಂತವರು

ಅಳಿಯ ಕೌಸ್ತುಭ್ ಅವರಿಗೆ,

ಆಶೀರ್ವಾದವನ್ನು ಈ ಬಾರಿ ತಡೆಹಿಡಿದಿದ್ದೇನೆ. ಮೊಮ್ಮಗಳ ಎದುರು ನಿಮ್ಮನ್ನು ಬಯ್ಯಬಾರದೆಂದು, ಒಂದೇ ಮನೆಯಲ್ಲಿದ್ದೂ ಬರೆಯುತ್ತಿದ್ದೇನೆ.

ಅಮೆರಿಕದ ಕಾಡುದಾರಿಯಲ್ಲಿ ನಿಮಗೆ ಎದುರಾದ ಪ್ರಾಣಿಯನ್ನು ಹಿತ್ತಲಲ್ಲಿ ಗೆಳೆಯರನ್ನು ಸೇರಿಸಿ ಮಾಡುವ ಪ್ರತಿ ಬಾರ್ಬೆಕ್ಯೂ ಊಟದಲ್ಲೂ ಚಿರತೆ ಎನ್ನುತ್ತೀರಿ. ಅದು ಪ್ಯೂಮಾ, ಮೈಮೇಲೆ ಚುಕ್ಕೆಯಿಲ್ಲದ ಬೇರೆಯದೇ ಪ್ರಾಣಿ. ಆ ತಪ್ಪನ್ನು ಕ್ಷಮಿಸಬಹುದು. "ಹೆಂಡ್ತಿ, ಮಗೂನ ಹಿಂದಕ್ಕೆ ತಳ್ಳಿ ನಾನೇ ನಿಂತ್ಬಿಟ್ಟೆ ಮಾವ, ಅದೇ ಹೆದರಿ ಓಡ್ತು" ಎಂಬ ನಿಮ್ಮ ಮಾತನ್ನು ನಂಬಿ, ನಮ್ಮ ಬಡಾವಣೆ ಕ್ಯಾಲಮ್‌ವೇಲ್‌ನ ನೆರೆಯವರಿಗೆಲ್ಲ ನಾನೂ ಹೆಮ್ಮೆಯಿಂದ ಹೇಳಿದ್ದೆ.

ನಿನ್ನೆ ಮೃಗಾಲಯದಲ್ಲಿ, ಬೋನಿನೊಳಗಿನ ಪ್ಯೂಮಾ ಎದ್ದು ನಿಂತ ಕೂಡಲೇ ನಿಹಾರಿಕಾ ನಿಮ್ಮ ಅಂಗಿ ಹಿಡಿದೆಳೆದು, "ಡ್ಯಾಡಿ, ಡೋಂಟ್ ರನ್ ದಿಸ್ ಟೈಮ್!" ಎಂದು ಕೂಗಿದಳು. ನೀವು, "ಐಸ್‌ಕ್ರೀಮ್ ಬೇಕಾ ಪುಟ್ಟಿ?" ಎಂದಿರಿ.

ಸಂಜೆ ಪ್ರೇರಣಾಳನ್ನು ಕೇಳಿದೆ. ಮಗುವನ್ನು ಎತ್ತಿಕೊಂಡು, ಕಣ್ಣು ಕದಲಿಸದೆ ನಿಂತು, ಕಿರುಚಿ ಅದನ್ನು ಓಡಿಸಿದವಳು ಅವಳು. ಅಷ್ಟರಲ್ಲಿ ನೀವು ಓಡಿಹೋಗಿ ಕಾರಿನೊಳಗೆ ಕೂತು ಬಾಗಿಲು ಹಾಕಿಕೊಂಡಿದ್ದಿರಿ. "ಹೋಗ್ಲಿ ಬಿಡಿ ಅಪ್ಪ, ನಾಲ್ಕು ಜನದ ಮುಂದೆ ಅವರ ಮಾನ ಯಾಕೆ ತೆಗೀಬೇಕು?" ಎಂದಳು.

ಓಡಿದ್ದಕ್ಕೆ ನನ್ನ ಆಕ್ಷೇಪವಿಲ್ಲ. ಭಯ ಯಾರಿಗಾದರೂ ಆಗಬಹುದು. ಆದರೆ ಅವಳ ಧೈರ್ಯವನ್ನು ನಿಮ್ಮದೆಂದು ಹೇಳಿಕೊಂಡದ್ದು ಕಳ್ಳತನ. ಶನಿವಾರ ಫೋರ್ಟಿಟ್ಯೂಡ್ ವ್ಯಾಲಿಯ ಕನ್ನಡ ಕೂಟದಲ್ಲಿ ಇದೇ ಸಾಹಸದ ಬಗ್ಗೆ ನಿಮ್ಮ ಭಾಷಣವಿದೆ. ನಡೆದದ್ದನ್ನು ನಡೆದಂತೆ ಹೇಳಿ. ನಾನು ಮೇಷ್ಟರಾಗಿದ್ದವನು, ತಪ್ಪನ್ನು ತಿದ್ದದೆ ಬಿಟ್ಟು ಅಭ್ಯಾಸವಿಲ್ಲ.

ಮೊದಲ ಸಾಲಿನಲ್ಲಿ ನನಗೊಂದು ಕುರ್ಚಿ ಕಾದಿರಿಸಿ. ನಾನೂ ಕಣ್ಣು ಕದಲಿಸುವುದಿಲ್ಲ.

ಇಂತಿ,
ಪ್ರೇರಣಾಳ ತಂದೆ
ಪಂಚಾಕ್ಷರಿ